ರೋಹಿಣಿಯಲ್ಲಿ ಒಂದು ಬೆಡ್

ಮಯೂರ್ ವಿಹಾರ್, ದೆಹಲಿ
18 ಏಪ್ರಿಲ್ 2021

ಹಂಸಿನಿ ಅಕ್ಕನಿಗೆ ನಮಸ್ಕಾರ.

ಅಮ್ಮನ ಮಂಡಿ ಆಪರೇಷನ್ನಿಗೆಂದು ಬಳ್ಳಾರಿಗೆ ಹೋದವರು ಅಲ್ಲೇ ಉಳಿದುಕೊಂಡದ್ದು ಒಳ್ಳೆಯದಾಯಿತು. ಕಾಲೇಜಿನ ಪಾಠವನ್ನು ಅಲ್ಲಿಂದಲೇ ಮಾಡುತ್ತಿದ್ದೀರೆಂದು ಮನೋಜ್ ಹೇಳಿದ. ಇಲ್ಲಿಯ ಸ್ಥಿತಿ ಬರೆಯುವುದಿಲ್ಲ, ಟಿವಿಯಲ್ಲಿ ನೋಡುತ್ತಿರುತ್ತೀರಿ.

ಒಂದು ಕೆಲಸ ಕೇಳಲು ಬರೆಯುತ್ತಿದ್ದೇನೆ. ನಮ್ಮ ಕನ್ನಡ ಬಳಗದ ಹುಡುಗರು ಸೇರಿ ಹೋದ ವಾರ ಒಂದು ವೆಬ್‌ಸೈಟ್ ಮಾಡಿದೆವಲ್ಲ, ದೆಹಲಿಯಲ್ಲಿ ಆಕ್ಸಿಜನ್ ಎಲ್ಲಿ ಸಿಗುತ್ತದೆ, ಬೆಡ್ ಎಲ್ಲಿ ಖಾಲಿಯಿದೆ ಎಂದು ತೋರಿಸುವುದು, ಅದನ್ನು ಇನ್ನು ಸ್ವಲ್ಪ ದಿನ ನೀವು ನಡೆಸಬೇಕು. ಉಳಿದವರ ಮನೆಗಳಲ್ಲೆಲ್ಲ ಜ್ವರ. ಮನೋಜ್ ಮತ್ತು ಅವನ ಗೆಳೆಯರು ಆಸ್ಪತ್ರೆಗಳಿಗೆ ಫೋನ್ ಮಾಡಿ ಖಚಿತಪಡಿಸುತ್ತಾರೆ. ಅದನ್ನು ಸೈಟಿಗೆ ಏರಿಸುವವನು ನಾನೊಬ್ಬನೇ. ನನ್ನ ಕೋಣೆಯ ಇಂಟರ್ನೆಟ್ ನೆಚ್ಚಿಕೊಳ್ಳುವ ಹಾಗಿಲ್ಲ. ನಾನು ನಿಂತರೆ ಸೈಟು ನಿಲ್ಲುತ್ತದೆ.

ನೀವು ಕಂಪ್ಯೂಟರಿನವರಲ್ಲ, ರಾಜ್ಯಶಾಸ್ತ್ರ ಪಾಠ ಮಾಡುವವರು ಎಂದು ಗೊತ್ತು. ಆದರೂ ಇದು ಆಗುತ್ತದೆ. ಇದು ಸ್ಟ್ಯಾಟಿಕ್ ಸೈಟ್. ಹಿಂದೆ ದೊಡ್ಡ ಯಂತ್ರವೇನೂ ಓಡುತ್ತಿಲ್ಲ, ಮೊದಲೇ ಕಟ್ಟಿಟ್ಟ ಪುಟಗಳು ಅಷ್ಟೇ. ಅದಕ್ಕೇ ಎಷ್ಟು ಜನ ಒಟ್ಟಿಗೆ ಬಂದರೂ ಬೀಳುವುದಿಲ್ಲ, ಕೆಟ್ಟ ನೆಟ್‌ವರ್ಕಿನಲ್ಲೂ ತೆರೆದುಕೊಳ್ಳುತ್ತದೆ. ಒಂದೊಂದು ಬೆಡ್ಡಿಗೆ, ಒಂದೊಂದು ಸಿಲಿಂಡರ್ ಅಂಗಡಿಗೆ ಒಂದೊಂದು ಚಿಕ್ಕ ಫೈಲು. ಎಲ್ಲ ಇರುವ ಫೋಲ್ಡರನ್ನು ನಿಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಕು. ಒಂದು ಸಾಫ್ಟ್‌ವೇರ್ ಹಾಕಿಕೊಂಡು ಒಂದು ಕಮಾಂಡ್ ಕೊಟ್ಟರೆ ಇಡೀ ಸೈಟು ನಿಮ್ಮ ಬ್ರೌಸರಿನಲ್ಲಿ ತೆರೆಯುತ್ತದೆ. ಅದು ನಿಮಗೆ ಮಾತ್ರ ಕಾಣುವ ಪ್ರತಿ, ನಾವು ಲೋಕಲ್ ಅನ್ನುತ್ತೇವೆ. ಅಲ್ಲಿ ಎಲ್ಲ ಸರಿಯಿದೆಯೇ ನೋಡಿ, ಆಮೇಲೆ ಪುಷ್ ಕೊಟ್ಟರೆ ಊರಿಗೆಲ್ಲ ಕಾಣುತ್ತದೆ. ಲೋಕಲ್‌ನಲ್ಲಿ ನೋಡದೆ ಏನನ್ನೂ ಕಳಿಸಬೇಡಿ. ಇಲ್ಲಿ ಒಂದು ಅಂಕಿ ತಪ್ಪಿದರೆ ಒಬ್ಬರು ತಪ್ಪು ಬಾಗಿಲಿಗೆ ಹೋಗಿ ನಿಲ್ಲುತ್ತಾರೆ.

ಕಮಾಂಡುಗಳನ್ನು ಕೆಳಗೆ ಬರೆದಿದ್ದೇನೆ. ಫೋನ್ ಮಾಡಬೇಡಿ ಅಕ್ಕ. ಯಾರೋ ನನ್ನ ನಂಬರನ್ನು ಎಲ್ಲ ಗುಂಪುಗಳಲ್ಲಿ ಹಂಚಿಬಿಟ್ಟಿದ್ದಾರೆ, ಕ್ಷಣ ಬಿಡದೆ ಕರೆ ಬರುತ್ತದೆ, ಹಾಗಾಗಿ ಕರೆ ತೆಗೆಯುವುದನ್ನೇ ಬಿಟ್ಟಿದ್ದೇನೆ. ಮೇಲ್ ಮಾಡಿ.

ಕಾರ್ತಿಕೇಯ


ಬಳ್ಳಾರಿ
19 ಏಪ್ರಿಲ್

ಕಾರ್ತಿಕೇಯ,

ನಿನ್ನೆ ಮಧ್ಯಾಹ್ನದಿಂದ ಕೂತಿದ್ದೇನೆ. ಫೋಲ್ಡರ್ ಇಳಿಯಿತು. ಸಾಫ್ಟ್‌ವೇರ್ ಹಾಕಿದೆ ಅಂದುಕೊಂಡೆ. ಕಮಾಂಡ್ ಕೊಟ್ಟರೆ ಅಂಥದ್ದೊಂದು ಇಲ್ಲವೇ ಇಲ್ಲ ಅನ್ನುತ್ತದೆ. ಮತ್ತೆ ಹಾಕಿದೆ. ಈ ಸಲ ಪರದೆಯ ತುಂಬ ಕೆಂಪು ಅಕ್ಷರ. ಅಮ್ಮ ಹಾಸಿಗೆಯಿಂದಲೇ, "ಏನೇ ಅದು, ಯಾರಾದ್ರೂ ಹೋದ್ರಾ" ಅಂತ ಕೇಳಿದಳು. ಈಗ ಯಾರ ಮುಖ ಸಣ್ಣಗಾದರೂ ಅವಳು ಕೇಳುವುದು ಅದೊಂದೇ.

ಕೊನೆಗೆ ಏನೋ ಓಡಿತು, ಬ್ರೌಸರ್ ತೆರೆಯಿತು. ಬರೀ ಬಿಳಿ ಪುಟ. ಅದರಲ್ಲಿ ಒಂದಕ್ಷರವೂ ಇಲ್ಲ.

ಐದು ನಿಮಿಷ ಫೋನಿನಲ್ಲಿ ಹೇಳಿದ್ದರೆ ಮುಗಿಯುವ ಕೆಲಸವಿದು. ಎರಡು ಸಲ ಕರೆ ಮಾಡಿದೆ, ನೀನು ಎತ್ತಲಿಲ್ಲ. ಊರಿನವರ ಕರೆ ಬೇಡವಾದರೆ ಸರಿ, ನನ್ನದನ್ನಾದರೂ ಎತ್ತಬಹುದಿತ್ತು. ಇದು ನನ್ನಿಂದ ಆಗುವ ಕೆಲಸವಲ್ಲ. ನಮ್ಮ ಕಾಲೇಜಿನ ಅಪೂರ್ವ ಇದ್ದಾಳಲ್ಲ, ಅವಳಿಗೆ ಕಂಪ್ಯೂಟರ್ ಬರುತ್ತದೆ, ಅವಳನ್ನು ಕೇಳು.

ಹಂಸಿನಿ


ಮಯೂರ್ ವಿಹಾರ್
19 ಏಪ್ರಿಲ್

ಅಕ್ಕ,

ಅಪೂರ್ವಳ ತಂದೆ ನಿನ್ನೆ ತೀರಿಕೊಂಡರು. ನೀವೇ ಮಾಡಬೇಕು.

ಬಿಳಿ ಪುಟ ಬಂದದ್ದು ಒಳ್ಳೆಯ ಸುದ್ದಿ. ಸೈಟು ಓಡುತ್ತಿದೆ ಎಂದರ್ಥ. ಅಕ್ಷರ, ಬಣ್ಣ, ಸಾಲು ಎಲ್ಲವನ್ನೂ ಹೊಂದಿಸುವ ಇನ್ನೊಂದು ಫೋಲ್ಡರ್ ಇದೆ, ಅದು ತಾನಾಗಿ ಇಳಿಯುವುದಿಲ್ಲ, ಬೇರೆಯಾಗಿ ತರಿಸಬೇಕು. ನಾನು ಹೇಳಲು ಮರೆತೆ. ಕೆಳಗಿನ ಒಂದು ಸಾಲನ್ನು ಹಾಗೇ ನಕಲು ಮಾಡಿ ಹಾಕಿ.

ಕೆಂಪು ಅಕ್ಷರಕ್ಕೆ ಹೆದರಬೇಡಿ. ಕೊನೆಯ ಸಾಲು ಮಾತ್ರ ಓದಿ.

ಕಾ.


ಬಳ್ಳಾರಿ
20 ಏಪ್ರಿಲ್

ಕಾರ್ತಿಕೇಯ,

ತೆರೆಯಿತು.

ಮೇಲೆ ನೀಲಿ ಪಟ್ಟಿ, ಕೆಳಗೆ ಪೂರ್ವ ದೆಹಲಿ, ದ್ವಾರಕಾ, ರೋಹಿಣಿ, ನೋಯ್ಡಾ, ಗುರುಗ್ರಾಮ ಎಂದು ಒಂದೊಂದೇ ಹೆಸರು. ರೋಹಿಣಿಯನ್ನು ಒತ್ತಿದೆ. ನಾನು ತರಕಾರಿ ತರುವ ಮಾರ್ಕೆಟ್ಟಿನ ಹಿಂದಿನ ಆಸ್ಪತ್ರೆ ಬಂತು, ಬೆಡ್ ಇಲ್ಲ ಎಂದು ಪಕ್ಕದಲ್ಲಿ ಬರೆದಿತ್ತು. ಹನ್ನೊಂದು ವರ್ಷ ಇದ್ದ ಜಾಗ. ಬಳ್ಳಾರಿಯ ಈ ಸೆಕೆಯಲ್ಲಿ, ಅಮ್ಮನ ಮಂಚದ ಪಕ್ಕ ಕೂತು, ಇಡೀ ದೆಹಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡ ಹಾಗಾಯಿತು. ಅಪೂರ್ವಳಿಗೆ ಎರಡು ಸಾಲು ಬರೆದು ಅಳಿಸಿದೆ.

ಡ್ರಾಫ್ಟ್ ಎಂಬ ಸಾಲು ಯಾಕಿದೆ ಎಂದು ಮನೋಜನನ್ನು ಕೇಳಿಕೊಂಡೆ. ಫೈಲಿನಲ್ಲಿ ಡ್ರಾಫ್ಟ್ ಎಂಬುದರ ಮುಂದೆ 'ಹೌದು' ಎಂದಿದ್ದರೆ ಅದು ನನ್ನ ಲೋಕಲ್ ಪುಟದಲ್ಲಿ ಮಾತ್ರ ಕಾಣುತ್ತದೆ, 'ಅಲ್ಲ' ಎಂದು ಬದಲಿಸಿ ಪುಷ್ ಮಾಡಿದರೆ ಎಲ್ಲರಿಗೂ ಕಾಣುತ್ತದೆ. ಸರಿಯಲ್ಲವೇ. ಇಂದು ಸಂಜೆಯೊಳಗೆ ಮನೋಜ್ ಕಳಿಸಿದ್ದನ್ನೆಲ್ಲ ಏರಿಸುತ್ತೇನೆ. ನೀನು ಸ್ವಲ್ಪ ಮಲಗು.

ಹಂಸಿನಿ


ಮಯೂರ್ ವಿಹಾರ್
21 ಏಪ್ರಿಲ್

ನೋಯ್ಡಾದ ಸಿಲಿಂಡರ್ ಅಂಗಡಿಯ ಹೆಸರಿನ ಕೆಳಗೆ ಗುರುಗ್ರಾಮದ ನಂಬರ್ ಇದೆ. ಹಳೆಯ ಫೈಲನ್ನು ನಕಲು ಮಾಡಿ ಹೆಸರು, ವಿಳಾಸ ಬದಲಿಸಿದ್ದೀರಿ, ನಂಬರ್ ಬದಲಿಸಿಲ್ಲ. ಗುರುಗ್ರಾಮದವರು ಬನ್ನಿ ಅಂದರಂತೆ, ಒಬ್ಬರು ನೋಯ್ಡಾದಿಂದ ಅಷ್ಟು ದೂರ ಹೋಗಿದ್ದಾರೆ. ಅಲ್ಲಿ ಸಿಲಿಂಡರ್ ಖಾಲಿ. ಲೋಕಲ್‌ನಲ್ಲಿ ನೋಡದೆ ಪುಷ್ ಮಾಡಿದ್ದೀರಿ. ನಾನು ಸರಿಪಡಿಸಿದ್ದೇನೆ.

ಕಾ.


ಬಳ್ಳಾರಿ
21 ಏಪ್ರಿಲ್

ಕಾರ್ತಿಕೇಯ,

ಗೊತ್ತು. ಆ ಮನುಷ್ಯ ಸೈಟಿನಲ್ಲಿದ್ದ ನನ್ನ ನಂಬರಿಗೇ ಫೋನ್ ಮಾಡಿದ್ದರು. ಕೂಗಾಡಲಿಲ್ಲ. "ಮೇಡಂ, ನಂಬರ್ ಗಲತ್ ಹೈ, ಠೀಕ್ ಕರ್ ದೀಜಿಯೇ, ದೂಸ್ರಾ ಕೋಯಿ ನ ಆಯೇ" ಅಂದರು. ಬೇರೆಯವರು ಬರದಿರಲಿ, ಸರಿಮಾಡಿ ಅಂತ. ಅವರ ತಮ್ಮನಿಗೆ ಬೇಕಾಗಿತ್ತಂತೆ. ಏನಾಯಿತು ಎಂದು ಕೇಳಲು ಸಂಜೆ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಲು ಧೈರ್ಯ ಬರಲಿಲ್ಲ.

ಲೋಕಲ್‌ನಲ್ಲಿ ನೋಡಿದ್ದೆ. ಹೆಸರು ನೋಡಿದೆ, ವಿಳಾಸ ನೋಡಿದೆ. ನಂಬರ್ ಅಂಕಿಗಳಷ್ಟೇ ಅಲ್ಲವೇ, ಕಣ್ಣು ಜಾರಿಹೋಯಿತು. ಇನ್ನು ಮೇಲೆ ಪ್ರತಿ ನಂಬರನ್ನೂ ನಾನೇ ಒಮ್ಮೆ ಒತ್ತಿ ಮಾತಾಡಿ ಆಮೇಲೆ ಏರಿಸುತ್ತೇನೆ.

ಒಂದು ಮಾತು. ನಿನಗೆ ಸಿಟ್ಟು ಬಂದಿದ್ದರೆ ನೇರವಾಗಿ ಬೈ. ಹೆಸರು ಹಿಡಿದು ಕರೆಯದೆ, ಅಕ್ಕ ಅನ್ನದೆ, ಕಚೇರಿಯ ಮೆಮೋ ಕೊಟ್ಟ ಹಾಗೆ ಮೂರು ಸಾಲು ಬರೆದು ಕೈತೊಳೆದುಕೊಳ್ಳಬೇಡ. ಮನೆಗೆ ಬಂದರೆ ಮಾತು ನಿಲ್ಲಿಸಲು ಬಾರದ ಹುಡುಗ ನೀನು. ನಿನ್ನ ಈ ಮೌನ ಆ ಮನುಷ್ಯನ ಫೋನಿಗಿಂತ ಕಷ್ಟವಾಯಿತು.

ಹಂಸಿನಿ


ಮಯೂರ್ ವಿಹಾರ್
23 ಏಪ್ರಿಲ್

ಅಕ್ಕ,

ಸಿಟ್ಟಿಲ್ಲ. ಟೈಪ್ ಮಾಡಲು ಸೋಮಾರಿತನ. ನೀವು ಚೆನ್ನಾಗಿ ನಡೆಸುತ್ತಿದ್ದೀರಿ. ದಿನವೂ ನೋಡುತ್ತಿರುತ್ತೇನೆ.

ಒಂದು ನಿಯಮ ಹೇಳಬೇಕು. ಖಚಿತವಾದದ್ದು ಏನೇ ಇರಲಿ, ತಕ್ಷಣ ಸೈಟಿಗೆ ಹೋಗಬೇಕು. ಗುರುತಿನವರಿಗೆಂದು ಯಾವುದನ್ನೂ ಹಿಡಿದಿಡುವ ಹಾಗಿಲ್ಲ. ಹೋದ ವಾರ ಮನೋಜ್ ತನ್ನ ಸೋದರಮಾವನಿಗಾಗಿ ಕೇಳಿದ. ದ್ವಾರಕಾದಲ್ಲಿ ಅವನೇ ಹುಡುಕಿದ ಬೆಡ್ಡು. "ಅರ್ಧ ಗಂಟೆ ಹಾಕಬೇಡ ಕಣೋ, ಮಾವನ್ನ ಕರ್ಕೊಂಡು ಹೋಗ್ತೀನಿ" ಅಂದ. ನಾನು ಆಗುವುದಿಲ್ಲ ಅಂದೆ. ಹಾಕಿದೆ. ಇವರು ತಲುಪುವಷ್ಟರಲ್ಲಿ ಬೇರೆಯವರು ಬಂದಿದ್ದರು. ಮಾವ ಮೊನ್ನೆ ಹೋದರು.

ಮನೋಜ್ ಈಗಲೂ ಕರೆಗಳನ್ನು ಮಾಡುತ್ತಿದ್ದಾನೆ. ನನ್ನ ಜೊತೆ ಮಾತಾಡುವುದಿಲ್ಲ.

ಅವನಿಗೆ ಇಲ್ಲ ಅಂದಮೇಲೆ ಯಾರಿಗೂ ಹೌದು ಅನ್ನಲು ಬರುವುದಿಲ್ಲ. ನಿಮಗೆ ಅರ್ಥವಾಗುತ್ತದೆ.

ಕಾ.


ಬಳ್ಳಾರಿ
24 ಏಪ್ರಿಲ್

ಕಾರ್ತಿಕೇಯ,

ಅರ್ಥವಾಯಿತು.

ಇವತ್ತು ಏರಿಸಿದವುಗಳಲ್ಲಿ ಅರ್ಧ ಸಂಜೆಯೊಳಗೆ ಸುಳ್ಳಾದವು. ಬೆಳಿಗ್ಗೆ ಇದ್ದ ಸಿಲಿಂಡರ್ ಮಧ್ಯಾಹ್ನ ಇಲ್ಲ. ಹೊಸದು ಹಾಕುವುದಕ್ಕಿಂತ ಹಳೆಯದನ್ನು ತೆಗೆಯುವುದೇ ಹೆಚ್ಚಾಗಿದೆ. ಒಬ್ಬರಾದ ಮೇಲೆ ಒಬ್ಬರು ಕೇಳುವ ಪ್ರಶ್ನೆ ಒಂದೇ, ಈಗಲೂ ಇದೆಯಾ. ನಾನು ಪಾಠ ಹೇಳುವುದನ್ನು ನಿಲ್ಲಿಸಿದ್ದೇನೆ. ಹುಡುಗರೇ ಯಾರೂ ಬರುತ್ತಿಲ್ಲ.

ನಿನ್ನ ಊಟದ ವ್ಯವಸ್ಥೆ ಏನು. ಕೆಳಗಿನ ಮನೆಯ ಲೀಲಮ್ಮ ಆಂಟಿ ಕೊಡುತ್ತಾರೆಯೇ. ನಿನ್ನ ಕೋಣೆಯ ಗೆಳೆಯ ಊರಿಗೆ ಹೋದ ಮೇಲೆ ಒಬ್ಬನೇ ಇದ್ದೀಯ. ಹೇಳಬೇಕಾದದ್ದು ಏನಾದರೂ ಇದ್ದರೆ ಹೇಳು. ನಾನು ಬೈಯುವುದಿಲ್ಲ.

ಹಂಸಿನಿ


ಮಯೂರ್ ವಿಹಾರ್
25 ಏಪ್ರಿಲ್, ಮಧ್ಯಾಹ್ನ

ಅಕ್ಕ,

ಮಲಗಿದ್ದಲ್ಲೇ ಫೋನಿನಲ್ಲಿ ಫೋಲ್ಡರ್ ನೋಡುತ್ತಿದ್ದೆ. ರೋಹಿಣಿಯ ಒಂದು ನರ್ಸಿಂಗ್ ಹೋಮ್, ಆಕ್ಸಿಜನ್ ಇರುವ ಒಂದು ಬೆಡ್, ಫೋನ್ ನಂಬರ್ ಸಮೇತ. ಬೆಳಿಗ್ಗೆಯಿಂದ ಇದೆ. ಡ್ರಾಫ್ಟ್: ಹೌದು. ನಿಮ್ಮ ಲೋಕಲ್‌ನಲ್ಲಿ ಮಾತ್ರ ಕಾಣಲಿ ಎಂದು ಇಟ್ಟಿದ್ದೀರಿ. ಉಳಿದ ಫೈಲುಗಳ ಜೊತೆ ಇದೂ ನಾವಿಬ್ಬರೂ ನೋಡುವ ಫೋಲ್ಡರಿಗೆ ಬಂದುಬಿಟ್ಟಿದೆ, ನಿಮಗೆ ಗೊತ್ತಾಗಿಲ್ಲ.

ನಿಮ್ಮ ಚಿಕ್ಕಪ್ಪನವರು ರೋಹಿಣಿಯಲ್ಲೇ ಇರುವುದು ನನಗೆ ಗೊತ್ತು. ಅವರಿಗೆ ಆರಾಮಿಲ್ಲದಿದ್ದರೆ ಕ್ಷಮಿಸಿ. ಮೊನ್ನೆಯಷ್ಟೇ ಬರೆದಿದ್ದೆ. ಮನೋಜನ ಮುಖವನ್ನು ಇನ್ನು ನಾನು ಹೇಗೆ ನೋಡಲಿ.

'ಹೌದು' ತೆಗೆದು 'ಅಲ್ಲ' ಮಾಡಿದ್ದೇನೆ. ಈಗ ಎಲ್ಲರಿಗೂ ಕಾಣುತ್ತಿದೆ.

ಕಾರ್ತಿಕೇಯ


ಬಳ್ಳಾರಿ
25 ಏಪ್ರಿಲ್

ಕಾರ್ತಿಕೇಯ, ಆ ಬೆಡ್ ನಿನಗೆ.

ನನ್ನ ಚಿಕ್ಕಪ್ಪ ಚೆನ್ನಾಗಿದ್ದಾರೆ. ಅದು ನಿನಗೆ ಇಟ್ಟದ್ದು.

ಲೀಲಮ್ಮ ಆಂಟಿ ಮೂರು ದಿನದ ಹಿಂದೆ ನನಗೆ ಫೋನ್ ಮಾಡಿದರು. "ಹುಡುಗ ಬಾಗಿಲು ತೆಗೀತಿಲ್ಲಮ್ಮ. ತಟ್ಟೆ ಹೊರಗಿಟ್ರೆ ಅರ್ಧ ಹಾಗೇ ವಾಪಸ್ ಬರತ್ತೆ. ಕೆಮ್ಮು ಮಾತ್ರ ಕೆಳಗಿನ ತನಕ ಕೇಳ್ಸತ್ತೆ" ಅಂದರು. ಆಕ್ಸಿಮೀಟರ್ ಕೊಟ್ಟರೆ ತೊಂಬತ್ತೈದು ಇದೆ ಆಂಟಿ ಅಂದೆಯಂತೆ. ಅವರು ಇವತ್ತು ಮೆಟ್ಟಿಲ ಕಡೆಯ ಕಿಟಕಿಯ ಹತ್ತಿರ ನಿಂತು ತಾವೇ ನೋಡಿದರು. ಎಂಬತ್ತಾರು. ನೀನು ಫೋನ್ ಎತ್ತದಿದ್ದದ್ದು ಜನರ ಕಾಟಕ್ಕಲ್ಲ, ಮಾತಾಡಲು ಉಸಿರಿಲ್ಲದೆ. ನಾನು ನಿನ್ನ ಮೂರು ಸಾಲನ್ನು ಸಿಟ್ಟು ಅಂದುಕೊಂಡೆ.

ಆ ನರ್ಸಿಂಗ್ ಹೋಮಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಲಾವಣ್ಯಾ ಕೆಲಸ ಮಾಡುತ್ತಾಳೆ. ಮಧ್ಯಾಹ್ನ ಒಂದು ಬೆಡ್ ಖಾಲಿಯಾಗುತ್ತದೆ, ಹೆಸರು ಬರೆದಿಟ್ಟಿರುತ್ತೇನೆ ಮೇಡಂ ಅಂದಳು. ನಿನ್ನ ಹೆಸರು ಕೊಟ್ಟೆ, ನಂಬರ್ ಕಳೆಯದಿರಲೆಂದು ಡ್ರಾಫ್ಟ್ ಫೈಲಿನಲ್ಲಿ ಬರೆದಿಟ್ಟೆ. ಮನೋಜನಿಗೆ ಹೇಳಿದೆ. ಅವನು ಆಗಲೇ ಕಾರು ತೆಗೆದ. ಎಲ್ಲ ಸಿದ್ಧವಾದ ಮೇಲೆ, ನಿನಗೆ ಬೇಡ ಅನ್ನಲು ಸಮಯವೇ ಇಲ್ಲದ ಹಾಗೆ ಹೇಳೋಣವೆಂದು ಕಾದೆ. ಅದೊಂದು ತಪ್ಪಾಯಿತು.

ನೀನು ಅದನ್ನು ಊರಿಗೆಲ್ಲ ತೋರಿಸಿದ ಕೂಡಲೇ ಅಲ್ಲಿಯ ಫೋನ್ ಬಿಡುವೇ ಇಲ್ಲದೆ ಹೊಡೆದುಕೊಂಡಿತಂತೆ. ಗೇಟಿಗೆ ಜನ ಬಂದರು. ದೊಡ್ಡ ಡಾಕ್ಟರು ಹೊರಗೆ ಬಂದು, ಪಟ್ಟಿಗಿಟ್ಟಿ ಇಲ್ಲ, ಎದುರಿಗೆ ಇರುವವರಿಗೆ ಅಂದರು. ನರೇಲಾದಿಂದ ಆಟೋದಲ್ಲಿ ಬಂದಿದ್ದ ಒಬ್ಬ ಹೆಂಗಸನ್ನು ಒಳಗೆ ಕರೆದುಕೊಂಡರು. ಲಾವಣ್ಯಾ ಅಳುತ್ತಾ ಹೇಳಿದಳು.

ಮನೋಜ್ ಕೆಳಗೆ ಬಂದಿದ್ದಾನೆ. ಬಾಗಿಲು ತೆಗೆ. ಎಲ್ಲಿಗೆ ಅಂತ ಕೇಳಬೇಡ, ನಮಗೂ ಗೊತ್ತಿಲ್ಲ. ಬಾಗಿಲು ತೆಗೆ.

ಹಂಸಿನಿ


25 ಏಪ್ರಿಲ್, ಸಂಜೆ

ಮನೋಜ್ ಫೋನ್ ಎತ್ತುತ್ತಿಲ್ಲ. ಲೀಲಮ್ಮ ಆಂಟಿ, "ಇಬ್ರೂ ಸೇರಿ ಇಳ್ಸಿದ್ವಿ, ಹಿಂದಿನ ಸೀಟಲ್ಲಿ ಮಲಗ್ಸಿ ಕರ್ಕೊಂಡು ಹೋದ" ಅನ್ನುತ್ತಾರೆ, ಅಷ್ಟೇ. ನಿನ್ನ ಫೋನ್ ಅವನ ಹತ್ತಿರ ಇದ್ದರೆ ಅವನಾದರೂ ಇದನ್ನು ನೋಡಲಿ. ಮನೋಜ್, ಎಲ್ಲಿದ್ದೀಯ. ಪಟಪರ್‌ಗಂಜ್ ಕಡೆ ಹೋಗಬೇಡ, ಅಲ್ಲಿ ಬೆಡ್ ಇಲ್ಲ. ವೈಶಾಲಿಯ ಎರಡೂ ಆಸ್ಪತ್ರೆಯಲ್ಲಿ ಇಲ್ಲ. ಈಗಷ್ಟೇ ನಾನೇ ಮಾತಾಡಿದೆ. ಎಲ್ಲಿದೆ ಎಂದು ಹೇಳಲು ನನ್ನ ಹತ್ತಿರ ಒಂದೂ ಇಲ್ಲ.


26 ಏಪ್ರಿಲ್

ಕಾರ್ತಿಕೇಯ,

ನಿನ್ನ ಊರಿನಿಂದ ನಿನ್ನ ಅಮ್ಮ ಫೋನ್ ಮಾಡಿದ್ದರು, ಮಗ ಎತ್ತುತ್ತಿಲ್ಲ ಅಂತ. ಸೈಟಿನಲ್ಲಿದ್ದ ನನ್ನ ನಂಬರನ್ನು ಯಾರೋ ಕೊಟ್ಟರಂತೆ. ಕೆಲಸ ಜಾಸ್ತಿ, ನೆಟ್‌ವರ್ಕ್ ಸರಿಯಿಲ್ಲ, ನಾನು ಹೇಳುತ್ತೇನೆ ಅಂದೆ. ನೀನು ನನಗೆ ಹೇಳಿದ ಸುಳ್ಳನ್ನೇ ಅವರಿಗೆ ಹೇಳಿದೆ. ಅವರು ನಂಬಿದರು. ನಂಬಿ, "ಬಿಸಿನೀರು ಕುಡೀಲಿಕ್ಕೆ ಹೇಳಮ್ಮ" ಅಂದರು.

ಬೆಳಿಗ್ಗೆಯಿಂದ ಸೈಟಿಗೆ ಏನನ್ನೂ ಏರಿಸಿಲ್ಲ. ಲೋಕಲ್ ತೆರೆದು ಕೂತಿದ್ದೇನೆ. ರೋಹಿಣಿಯ ಆ ಫೈಲನ್ನು ಇನ್ನೂ ಅಳಿಸಿಲ್ಲ, ಅಳಿಸಬೇಕು, ಬೆಡ್ ಇಲ್ಲದ ಕಡೆಗೆ ಇನ್ನೂ ಜನ ಹೋಗುತ್ತಿರುತ್ತಾರೆ. ಕೈ ಬರುತ್ತಿಲ್ಲ.

ಅಳಿಸಿದೆ.

ಒಂದು ಅಕ್ಷರ ಬರೆ. ನಿನ್ನ 'ಕಾ' ಸಾಕು.


29 ಏಪ್ರಿಲ್

ಅಕ್ಕ ಇದ್ದೇನೆ. ಗಾಜಿಯಾಬಾದ್ ಕಡೆ ಒಂದು ಗುರುದ್ವಾರ. ರಸ್ತೆಯಲ್ಲೇ ಆಕ್ಸಿಜನ್ ಕೊಡುತ್ತಾರೆ. ಈಗ ಬೇರೆ ಕಡೆ ಬೆಡ್ ಸಿಕ್ಕಿದೆ. ಆ ಗುರುದ್ವಾರ ನಮ್ಮ ಸೈಟಿನಲ್ಲಿ ಇಲ್ಲ. ಹಾಕಿ.

ಕಾ


ಮಯೂರ್ ವಿಹಾರ್
16 ಮೇ 2021

ಪ್ರೀತಿಯ ಅಕ್ಕ,

ಮೊನ್ನೆ ಕೋಣೆಗೆ ಬಂದೆ. ಮೂರನೆಯ ಮಹಡಿ ಹತ್ತುವಾಗ ಪ್ರತಿ ತಿರುವಿನಲ್ಲೂ ಕೂತೆ. ಲೀಲಮ್ಮ ಆಂಟಿ ಹಿಂದೆಯೇ ಕುರ್ಚಿ ಹೊತ್ತು ಬಂದರು. ಅಮ್ಮನ ಹತ್ತಿರ ಎಲ್ಲ ಹೇಳಿದ್ದಾಯಿತು. ನಿಮ್ಮ ಮೇಲುಗಳನ್ನು ಆಸ್ಪತ್ರೆಯಲ್ಲೇ ಒಂದೊಂದಾಗಿ ಓದಿದೆ. ಉತ್ತರಿಸುವಷ್ಟು ಹೊತ್ತು ಕೂರಲು ಈಗ ಆಗುತ್ತಿದೆ.

ಆ ದಿನ ಮನೋಜ್ ಬಾಗಿಲು ಬಡಿದಾಗ ನಿಮ್ಮ ಮೇಲ್ ನನ್ನ ಕೈಯಲ್ಲೇ ತೆರೆದಿತ್ತು. 'ಆ ಬೆಡ್ ನಿನಗೆ' ಎಂಬ ಸಾಲಿನಿಂದ ಕೆಳಗೆ ಓದಲಾಗಲಿಲ್ಲ. ಆಮೇಲಿನದು ತುಂಡುತುಂಡಾಗಿ ನೆನಪಿದೆ. ಒಂದು ಆಸ್ಪತ್ರೆಯ ಗೇಟು ಮುಚ್ಚಿತ್ತು. ಇನ್ನೊಂದರಲ್ಲಿ ಕಾವಲಿನವನು ಕೈಮುಗಿದ, ಬೈಗುಳಕ್ಕಿಂತ ಅದೇ ಹೆಚ್ಚು ಭಯ ಹುಟ್ಟಿಸಿತು. ಹೆದ್ದಾರಿಯಲ್ಲಿ ಮನೋಜ್ ಕಾರು ಓಡಿಸುತ್ತಲೇ ಒಂದು ಕೈ ಹಿಂದೆ ಚಾಚಿ ನನ್ನ ಕಾಲು ಹಿಡಿದುಕೊಂಡಿದ್ದ. ನಾನು ಅವನ ಮಾವನ ಬಗ್ಗೆ ಏನೋ ಹೇಳಲು ಹೋದೆ. ಅವನು, "ಮಾವನ ವಿಷಯ ಈಗ ಬೇಡ. ಉಸಿರಾಡು, ಬರೀ ಉಸಿರಾಡು" ಅಂದ.

ಗುರುದ್ವಾರ ನಮಗೆ ಯಾರೂ ಹೇಳಿದ್ದಲ್ಲ. ರಸ್ತೆಯ ಬದಿ ಕಾರುಗಳು ಸಾಲಾಗಿ ನಿಂತಿದ್ದವು, ಬಾಗಿಲು ತೆರೆದು, ಒಳಗೆ ಒರಗಿದವರಿಗೆಲ್ಲ ನಳಿಕೆ. ಮನೋಜ್ ಏನೂ ಕೇಳುವ ಮೊದಲೇ ಒಬ್ಬ ವಯಸ್ಸಾದ ಸರ್ದಾರ್‌ಜೀ ನಮ್ಮ ಕಾರಿಗೆ ಕೈ ಮಾಡಿ ಜಾಗ ತೋರಿಸಿದರು. ಹೆಸರು ಕೇಳಲಿಲ್ಲ, ಕಾಗದ ಕೇಳಲಿಲ್ಲ. ಮುಖಕ್ಕೆ ಮಾಸ್ಕ್ ಕಟ್ಟಿ, "ಬಸ್ ಬೇಟಾ, ಅಬ್ ಸಾಂಸ್ ಲೋ" ಅಂದರು, ಸಾಕು ಮಗನೇ, ಈಗ ಉಸಿರಾಡು ಅಂತ. ಎರಡು ದಿನ ಅದೇ ಹಿಂದಿನ ಸೀಟಿನಲ್ಲಿ ಇದ್ದೆ, ಇಬ್ಬರ ಫೋನೂ ಚಾರ್ಜಿಲ್ಲದೆ ಆರಿಹೋಗಿತ್ತು. ನನ್ನ ಮುಂದಿನ ಕಾರಿನಲ್ಲಿ ಇದ್ದವರು ಮೊದಲ ದಿನವೇ ಹೋದರು. ಅವರ ಹೆಂಡತಿ ನಳಿಕೆಯನ್ನು ತಾವೇ ಬಿಚ್ಚಿ ಸರ್ದಾರ್‌ಜೀ ಕೈಗೆ ಕೊಟ್ಟರು. ಮೂರನೆಯ ದಿನ ಮನೋಜ್ ಆಸ್ಪತ್ರೆಯಾಗಿ ಮಾಡಿದ್ದ ಒಂದು ಸಮುದಾಯ ಭವನದಲ್ಲಿ ಬೆಡ್ ಹುಡುಕಿದ. ಅದು ಕೂಡ ನಮ್ಮ ಸೈಟಿನಿಂದ ಸಿಕ್ಕಿದ್ದಲ್ಲ.

ಜ್ವರ ಬಂದದ್ದು ನಿಮಗೆ ಮೊದಲ ಮೇಲ್ ಬರೆಯುವ ಹಿಂದಿನ ದಿನ. ಹೇಳಿದ್ದರೆ ನೀವು ಸೈಟು ಬಿಟ್ಟು ನನ್ನೊಬ್ಬನಿಗೇ ಹುಡುಕುತ್ತಿದ್ದಿರಿ. ಮನೋಜನಿಗೆ ಅವನ ಮಾವನಿಗಾಗಿ ಹುಡುಕಲು ಬಿಡದವನು ನಾನು. ಅದಕ್ಕೆ ಹೇಳಲಿಲ್ಲ.

ಅಕ್ಕ, ಒಂದು ಕೇಳಬೇಕು. ನರೇಲಾದಿಂದ ಬಂದ ಆ ಹೆಂಗಸು ಏನಾದರು. ದಿನವೂ ಅವರ ಯೋಚನೆ ಬರುತ್ತದೆ. ಲಾವಣ್ಯಾ ಅವರಿಗೆ ಗೊತ್ತಿರಬಹುದು.

ಕಾರ್ತಿಕೇಯ


ಬಳ್ಳಾರಿ
18 ಮೇ

ಕಾರ್ತಿಕೇಯ,

ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಕೊನೆಯ ತನಕ ಓದಲಾಗದೆ ಅರ್ಧಕ್ಕೇ ನಿಲ್ಲಿಸಿದೆ.

ನನಗೆ ನಿನ್ನ ಮೇಲೆ ಇರುವ ಸಿಟ್ಟು ಇನ್ನೂ ಇಳಿದಿಲ್ಲ. ನಿಯಮ ನಿಯಮ ಅಂದೆ. ಊರಿನವರಿಗೆಲ್ಲ ಬೆಡ್ ಹುಡುಕುವ ಸೈಟಿನಲ್ಲಿ ನೀನೂ ಊರಿನವರಲ್ಲಿ ಒಬ್ಬ ಅನ್ನುವುದು ಹೇಗೆ ಮರೆತುಹೋಯಿತು. ನಿನ್ನ ಹೆಸರಿನಲ್ಲಿ ಒಂದು ಫೈಲು ಯಾಕೆ ಇರಬಾರದಿತ್ತು. ನಾಲ್ಕು ದಿನ ನಾನು ನಿನ್ನ ಅಮ್ಮನ ಕರೆ ಎತ್ತಿ ಸುಳ್ಳು ಹೇಳಿದ್ದೇನೆ. ಅದನ್ನು ನಿನಗೆ ಎಂದಾದರೂ ಮರೆಯಲು ಬಿಡುತ್ತೇನೆ ಅಂದುಕೊಳ್ಳಬೇಡ.

ನರೇಲಾದವರ ಬಗ್ಗೆ ಕೇಳಿದೆ. ಅವರು ವಾರ ಕಳೆದು ಮನೆಗೆ ಹೋದರಂತೆ. ಮಗಳು ಬಂದು ಕರೆದುಕೊಂಡು ಹೋದಳು. ನಡೆದುಕೊಂಡೇ ಹೋದರು ಅಂದಳು ಲಾವಣ್ಯಾ. ಇನ್ನು ಆ ಯೋಚನೆ ಬಿಡು, ಊಟ ಮಾಡು.

ಹಂಸಿನಿ


ಮಯೂರ್ ವಿಹಾರ್
6 ಜೂನ್ 2021

ಪ್ರೀತಿಯ ಅಕ್ಕ,

ನಿಮ್ಮ ಪತ್ರ ಓದಿ ಹತ್ತಾರು ದಿನ ನೆಮ್ಮದಿಯಿಂದ ಮಲಗಿದೆ. ಆಮೇಲೆ ನಡೆದುಕೊಂಡು ಹೋದ ಅವರ ಜೊತೆ ಒಮ್ಮೆ ಮಾತಾಡಬೇಕು ಅನ್ನಿಸಿತು. ಲಾವಣ್ಯಾ ಅವರಿಗೆ ಫೋನ್ ಮಾಡಿ ನಂಬರ್ ಕೇಳಿದೆ. ಅವರು ತಡವರಿಸಿದರು. ಮೇಡಂಗೆ ಮೇ ತಿಂಗಳಲ್ಲೇ ಹೇಳಿದ್ದೆ ಅಂದರು.

ಅವರ ಹೆಸರು ಶಾರದಾ. ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಮಾಡುತ್ತಿದ್ದರಂತೆ. ಆ ಬೆಡ್ಡಿನಲ್ಲಿ ಮೂರು ದಿನ ಇದ್ದರು. ಏಪ್ರಿಲ್ 28ರಂದು ತೀರಿಕೊಂಡರು.

ನಿಮ್ಮ ಮೇಲೆ ಕೋಪವಿಲ್ಲ. ಯಾಕೆ ಹಾಗೆ ಬರೆದಿರಿ ಎಂದು ಗೊತ್ತು. ಆದರೆ ಅದು ಗೊತ್ತಾದ ದಿನ ಎದ್ದು ಕೂರಲು ಆಗಲಿಲ್ಲ. ನಾನು ಕೊಟ್ಟೆ, ಆದರೂ ಅವರು ಉಳಿಯಲಿಲ್ಲ, ಯಾವುದಕ್ಕಾಗಿ ಎಂದು. ಮನೋಜ್ ಬಂದು ಇಡೀ ದಿನ ಪಕ್ಕದಲ್ಲಿ ಕೂತಿದ್ದ.

ಮರುದಿನ ಅವರ ಮಗಳಿಗೆ ಫೋನ್ ಮಾಡಿದೆ. ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವವಳು. ಸೈಟಿನವನು ಅಂದೆ, ಉಳಿದದ್ದು ಹೇಳಲಿಲ್ಲ. ಕ್ಷಮೆ ಕೇಳಲು ಹೊರಟಿದ್ದೆ, ಅವಳು ಬಿಡಲಿಲ್ಲ. ಅವಳು ಹಿಂದಿಯಲ್ಲಿ ಹೇಳಿದ್ದನ್ನು ನನಗೆ ನೆನಪಿರುವ ಹಾಗೆ ಬರೆಯುತ್ತೇನೆ: "ಭಯ್ಯಾ, ಮೂರು ಆಸ್ಪತ್ರೆಯ ಗೇಟಲ್ಲಿ ಮಮ್ಮಿ ಆಟೋ ಒಳಗೇ ಇದ್ದಳು. ಬಾಯಿ ತೆರೆದುಕೊಂಡು, ಎಲ್ಲರೂ ನೋಡ್ತಾ ಇದ್ರು. ನಾನು ದುಪಟ್ಟಾ ಅಡ್ಡ ಹಿಡಿದು ನಿಂತಿದ್ದೆ. ಆಮೇಲೆ ಬೆಡ್ ಸಿಕ್ತು. ನರ್ಸು ಮುಖ ಒರೆಸಿದಳು, ತಲೆ ಬಾಚಿದಳು. ಮಮ್ಮಿ ನನ್ನ ಜೊತೆ ಮಾತಾಡಿದಳು, ನಿದ್ದೆ ಮಾಡಿದಳು. ರಸ್ತೆಯಲ್ಲಿ ಜೀವ ಹೋಗಲಿಲ್ಲ."

ಅಷ್ಟೇ ಅಕ್ಕ. ಮೂರು ದಿನ ಒಂದು ಬೆಡ್ಡು ಅಂದರೆ ಏನು ಎಂಬುದು ಈಗ ಗೊತ್ತು.

ಕಾರ್ತಿಕೇಯ


ಬಳ್ಳಾರಿ
7 ಜೂನ್

ಕಾರ್ತಿಕೇಯ,

ಹೌದು, ಸುಳ್ಳು ಬರೆದೆ. ನಿನಗೆ ಆಗ ಮೆಟ್ಟಿಲು ಹತ್ತುವ ಉಸಿರೂ ಇರಲಿಲ್ಲ, ಅದರ ಮೇಲೆ ಇದನ್ನು ಹೊರಿಸುವುದು ನನ್ನಿಂದಾಗಲಿಲ್ಲ.

ಆದರೆ ಆ ಹುಡುಗಿ ಹೇಳಿದ್ದನ್ನು ನೀನು ಬರೆದ ಮೇಲೆ ಬೇರೆ ಏನನ್ನೂ ಯೋಚಿಸಲಾಗುತ್ತಿಲ್ಲ. ಅವಳು ದುಪಟ್ಟಾ ಅಡ್ಡ ಹಿಡಿದು ಒಂದೊಂದು ಗೇಟಿನಲ್ಲಿ ನಿಂತಿದ್ದ ಹೊತ್ತಿನಲ್ಲಿ ಆ ಬೆಡ್ಡು ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾನು ಅದನ್ನು ನೋಡುತ್ತಾ ಕೂತಿದ್ದೆ. ನಿನಗಾಗಿ ಇಟ್ಟಿದ್ದೆ, ಇನ್ನೊಮ್ಮೆ ಅಂಥದೇ ದಿನ ಬಂದರೆ ಮತ್ತೆ ಹಾಗೇ ಇಡುತ್ತೇನೆ. ಅದೂ ನಿಜ.

ಅವಳ ನಂಬರ್ ಕಳಿಸು. ಇದೆಲ್ಲವನ್ನೂ ಅವಳಿಗೆ ಹೇಳುವ ಧೈರ್ಯ ನನಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಮೊದಲು, ಮನೆಯಲ್ಲಿ ಈಗ ಜೊತೆಗೆ ಯಾರಿದ್ದಾರೆ ಎಂದು ಕೇಳುತ್ತೇನೆ.

ಹಂಸಿನಿ